ಎಡಿಟರ್ ಬದಲಿಸಿದಾಗ ಉಳಿದದ್ದೇನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಹೊರಟು ಪ್ರೋಗ್ರಾಮಿಂಗ್‌ನಲ್ಲೇ ಅನ್ನ ಕಂಡುಕೊಂಡ ನನ್ನ ತಲೆಮಾರಿನ ಬಹಳಷ್ಟು ಜನರ ಮೊದಲ ಪಾಠ ಶುರುವಾದದ್ದು ಒಂದು ನೀಲಿ ಪರದೆಯ ಮುಂದೆ. ಅದರ ಹೆಸರು ಟರ್ಬೊ ಸಿ. ಅಮೆರಿಕದ ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಹೊರತಂದ ಈ ತಂತ್ರಾಂಶವನ್ನು ಅಲ್ಲಿಯವರು ಬಿಟ್ಟು ಎಷ್ಟೋ ಕಾಲವಾದ ಮೇಲೂ ನಮ್ಮ ಕಡೆಯ ಲ್ಯಾಬುಗಳು ಬಿಡಲಿಲ್ಲ. ಹೊಸ ವಿಂಡೋಸ್‌ನಲ್ಲಿ ಅದು ನೇರವಾಗಿ ಓಡದಾದಾಗ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದ ಹೊಟ್ಟೆಯೊಳಗೆ ಕೂರಿಸಿ ಓಡಿಸಿದರು. ಎಫ್2 ಒತ್ತಿದರೆ ಫೈಲ್ ಉಳಿಯುತ್ತದೆ, ಆಲ್ಟ್ ಹಿಡಿದು ಎಫ್9 ಒತ್ತಿದರೆ ಕಂಪೈಲ್ ಆಗುತ್ತದೆ, ಕಂಟ್ರೋಲ್ ಹಿಡಿದು ಎಫ್9 ಒತ್ತಿದರೆ ಓಡುತ್ತದೆ, ಆಲ್ಟ್ ಹಿಡಿದು ಎಫ್5 ಒತ್ತಿದರೆ ಉತ್ತರ ಕಾಣುತ್ತದೆ. ಸಿ ಭಾಷೆಯ ಪಾಯಿಂಟರ್ ತಲೆಗೆ ಹತ್ತುವ ಮೊದಲೇ ಈ ಕೀಲಿಗಳು ಬೆರಳಿಗೆ ಹತ್ತಿರುತ್ತಿದ್ದವು.

ಪ್ರೋಗ್ರಾಂ ಬರೆಯುವವರು ವರ್ಡ್‌ನಂಥ ತಂತ್ರಾಂಶದಲ್ಲಿ ಬರೆಯುವುದಿಲ್ಲ. ಅಲ್ಲಿ ಅಕ್ಷರದ ಜೊತೆಗೆ ಅದರ ಬಣ್ಣ, ಗಾತ್ರ, ಅಂಚು, ಪುಟದ ಅಳತೆ ಎಲ್ಲವೂ ಫೈಲಿನೊಳಗೆ ಸೇರಿಕೊಳ್ಳುತ್ತವೆ. ಕಂಪೈಲರಿಗೆ ಅದ್ಯಾವುದೂ ಬೇಡ. ಅದಕ್ಕೆ ಬೇಕಾದದ್ದು ಬರಿ ಅಕ್ಷರಗಳ ಸಾಲು. ಅಂಥ ಬರಿ ಅಕ್ಷರಗಳನ್ನು ಬರೆಯಲು, ತಿದ್ದಲು, ಹುಡುಕಲು, ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಲು ಇರುವ ಸಾಧನವೇ ಟೆಕ್ಸ್ಟ್ ಎಡಿಟರ್. ಪ್ರೋಗ್ರಾಮರ್ ದಿನದ ಬಹುಪಾಲು ಹೊತ್ತು ಕಳೆಯುವುದು ಅದರೊಳಗೇ. ಬರೆಯುವುದಕ್ಕಿಂತ ತಿದ್ದುವುದೇ ಹೆಚ್ಚು, ತಿದ್ದುವುದಕ್ಕಿಂತ ಓದುವುದು ಇನ್ನೂ ಹೆಚ್ಚು. ಹೀಗಾಗಿ ಯಾವ ಎಡಿಟರ್ ಎಂಬ ಪ್ರಶ್ನೆಗೆ ಈ ವೃತ್ತಿಯಲ್ಲಿ ಇಷ್ಟು ಬಿಸಿ ಇದೆ. ನಾನು ಟರ್ಬೊ ಸಿಯಿಂದ ಹೊರಟು ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಮ್, ಈಮ್ಯಾಕ್ಸ್, ಸಬ್ಲೈಮ್, ಆ್ಯಟಮ್ ಹಾದು ವಿಎಸ್ ಕೋಡ್‌ವರೆಗೆ ಬಂದಿದ್ದೇನೆ. ಹಾಗೆ ಬರುವಾಗ ಪ್ರತಿ ಸಲ ಏನು ಕಳೆಯಿತು, ಏನು ಉಳಿಯಿತು ಎಂಬುದನ್ನು ನೋಡುತ್ತ ಹೋದರೆ ಕೊನೆಗೆ ಪ್ರೋಗ್ರಾಮಿಂಗ್ ದಾಟಿ ನಮ್ಮ ಪೇಟೆಯ ಡಿಟಿಪಿ ಅಂಗಡಿಗಳ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ.

ಟರ್ಬೊ ಸಿಯಲ್ಲಿ ಒಂದಿಷ್ಟು ಸಾಲುಗಳನ್ನು ಹಿಡಿದು ನಕಲು ಮಾಡಬೇಕಾದರೆ ಕಂಟ್ರೋಲ್ ಕೆ ಒತ್ತಿ ಬಿ, ಕೊನೆಯಲ್ಲಿ ಕಂಟ್ರೋಲ್ ಕೆ ಒತ್ತಿ ಮತ್ತೆ ಕೆ, ಬೇಕಾದ ಕಡೆ ಹೋಗಿ ಕಂಟ್ರೋಲ್ ಕೆ ಒತ್ತಿ ಸಿ. ಈ ಸುತ್ತುಬಳಸು ಬೋರ್ಲ್ಯಾಂಡ್‌ನವರು ಹುಟ್ಟಿಸಿದ್ದಲ್ಲ. 1978ರ ವರ್ಡ್‌ಸ್ಟಾರ್ ಎಂಬ ಬರವಣಿಗೆ ತಂತ್ರಾಂಶದಿಂದ ಬಂದದ್ದು. ಆಗಿನ ಎಷ್ಟೋ ಯಂತ್ರಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ, ಇದ್ದರೂ ನೆಚ್ಚುವಂತಿರಲಿಲ್ಲ. ಅದಕ್ಕೆಂದೇ ಎಲ್ಲವನ್ನೂ ಕಂಟ್ರೋಲ್ ಕೀಲಿಗೆ ಕಟ್ಟಿಹಾಕಿದರು. ವರ್ಡ್‌ಸ್ಟಾರ್ ಹೋಯಿತು, ಅದರ ಬೆರಳಚ್ಚಿನ ರೂಢಿ ಟರ್ಬೊ ಸಿಯೊಳಗೆ ನುಸುಳಿ ನಮ್ಮೂರ ಹುಡುಗರ ಕೈಯವರೆಗೆ ಬಂತು. ನಾವ್ಯಾರೂ ವರ್ಡ್‌ಸ್ಟಾರ್ ಕಂಡವರಲ್ಲ. ಎಡಿಟರ್‌ಗಳ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇದೇ: ಕಾರಣ ಸತ್ತ ಮೇಲೂ ರೂಢಿ ಬದುಕಿರುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಬಂದಾಗ ಮೊದಲು ಕೈಕೊಟ್ಟದ್ದು ಈ ರೂಢಿಗಳೇ. ಡಾನ್ ಹೋ 2003ರಲ್ಲಿ ಶುರುಮಾಡಿದ ಆ ಪುಟ್ಟ ಎಡಿಟರ್ ನಿಜವಾಗಿ ಚೊಕ್ಕಟವಾದದ್ದು. ಹಳೆಯ ಯಂತ್ರದಲ್ಲೂ ತಟ್ಟನೆ ತೆರೆಯುತ್ತಿತ್ತು, ಒಂದೇ ಕಿಟಕಿಯಲ್ಲಿ ಹಲವು ಫೈಲ್ ಇಟ್ಟುಕೊಳ್ಳಬಹುದಿತ್ತು. ಆದರೂ ಬೆರಳು ಎಫ್2 ಕಡೆಗೇ ಓಡುತ್ತಿತ್ತು. ಹೊಸ ಎಡಿಟರ್ ಹಳೆಯದಕ್ಕಿಂತ ಎಷ್ಟೇ ಒಳ್ಳೆಯದಾಗಿರಲಿ, ಮೊದಲ ವಾರಗಳಲ್ಲಿ ಕೆಲಸ ನಿಧಾನವಾಗುತ್ತದೆ. ರಬಕವಿಯಲ್ಲಿ ಗುಂಡಿ ಮಗ್ಗದ ಮೇಲೆ ವರ್ಷಗಟ್ಟಲೆ ಕೂತ ನೇಕಾರರ ಕಾಲು ಯಾವ ಹೊತ್ತಿಗೆ ಯಾವ ಮೆಟ್ಟು ತುಳಿಯಬೇಕೆಂದು ತಲೆಯನ್ನು ಕೇಳುವುದಿಲ್ಲ. ಎಡಿಟರ್‌ನಲ್ಲಿ ಪಳಗಿದ ಬೆರಳಿನ ರೀತಿಯೂ ಹಾಗೇ. ಕೇಳಿದರೆ ಬಾಯಲ್ಲಿ ಹೇಳಲು ಬರುವುದಿಲ್ಲ, ಕೀಲಿಮಣೆ ಮುಂದಿಟ್ಟರೆ ಕೈ ಮಾಡಿ ತೋರಿಸುತ್ತದೆ. ಕೈಯಲ್ಲಿ ಕೂತ ಈ ಅರಿವನ್ನು ಹೊಸ ಎಡಿಟರ್ ಮೊದಲು ಅಳಿಸಬೇಕು, ಆಮೇಲೆ ತನ್ನದನ್ನು ಬರೆಯಬೇಕು. ತಡವಾಗುವುದು ಅಲ್ಲಿ.

ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಸರ್ವರ್‌ಗಳ ಮೇಲೆ ಇದ್ದದ್ದು ವಿಐ ಒಂದೇ. ಇದರ ಕಥೆ ಬಲು ಸ್ವಾರಸ್ಯದ್ದು. ಬಿಲ್ ಜಾಯ್ ಎಂಬ ಹುಡುಗ 1976ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದನ್ನು ಬರೆದ. ಅವನೆದುರು ಇದ್ದ ಟರ್ಮಿನಲ್‌ನ ಹೆಸರು ಎಡಿಎಂ-3ಎ. ಅದರ ಕೀಲಿಮಣೆಯಲ್ಲಿ ಬಾಣದ ಗುರುತುಗಳನ್ನು ಬರೆದದ್ದು ಹೆಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ; ಎಸ್ಕೇಪ್ ಕೀಲಿ ಇದ್ದದ್ದು ಇವತ್ತು ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಎಟಕುವ ಹಾಗೆ. ಇಂದಿಗೂ ವಿಐ ಬಳಸುವವರು ಕರ್ಸರ್ ಸರಿಸಲು ಅವೇ ನಾಲ್ಕು ಅಕ್ಷರ ಒತ್ತುತ್ತಾರೆ, ಮಾತುಮಾತಿಗೆ ಎಸ್ಕೇಪ್‌ಗೆ ಕೈಚಾಚುತ್ತಾರೆ. ಅಂಥ ಟರ್ಮಿನಲ್ ಈಗ ಕಾಣಬೇಕೆಂದರೆ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.

ವಿಐಯಲ್ಲಿ ಹೊಸಬರನ್ನು ಕಂಗೆಡಿಸುವುದು ಅದರ ಎರಡು ಸ್ಥಿತಿಗಳು. ಒಂದರಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಇನ್ನೊಂದರಲ್ಲಿ ಅದೇ ಅಕ್ಷರ ಅಪ್ಪಣೆಯಾಗುತ್ತದೆ: ಡಿ ಎರಡು ಸಲ ಒತ್ತಿದರೆ ಸಾಲೇ ಮಾಯ. ಹೀಗೆ ಒಂದೇ ಕೀಲಿಗೆ ಸ್ಥಿತಿಗೊಂದು ಅರ್ಥ ಇರಕೂಡದು ಎಂದು ಜೀವಮಾನವಿಡೀ ವಾದಿಸಿದವರು ಲ್ಯಾರಿ ಟೆಸ್ಲರ್. ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಮಾಟ್ ಜೊತೆ ಕಟ್, ಕಾಪಿ, ಪೇಸ್ಟ್ ಎಂಬ, ಇವತ್ತು ಫೋನ್ ಹಿಡಿದ ಮಗುವಿಗೂ ಗೊತ್ತಿರುವ ವಿಧಾನವನ್ನು ರೂಪಿಸಿದವರು ಅವರು. ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. 2020ರಲ್ಲಿ ತೀರಿಕೊಂಡರು. ಜಗತ್ತು ಅವರ ಮಾತನ್ನೇ ಒಪ್ಪಿತು. ಆದರೂ ವಿಐ ಸಾಯಲಿಲ್ಲ. ಬ್ರಾಮ್ ಮೂಲೆನಾರ್ ಎಂಬ ಡಚ್ ಪ್ರೋಗ್ರಾಮರ್ 1991ರಲ್ಲಿ ಅದರ ಸುಧಾರಿತ ರೂಪವನ್ನು ವಿಮ್ ಎಂಬ ಹೆಸರಲ್ಲಿ ಹೊರತಂದರು, ಮೂವತ್ತು ವರ್ಷಕ್ಕೂ ಮಿಕ್ಕಿ ಅದನ್ನು ಸಾಕಿದರು. ಹಣ ಕೊಡುವ ಮನಸ್ಸಿದ್ದವರು ಉಗಾಂಡದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದು ತಂತ್ರಾಂಶದೊಳಗೇ ಬರೆದಿಟ್ಟರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ, ಒಮ್ಮೆಯೂ ಕಾಣದ ಮನುಷ್ಯನಿಗಾಗಿ ನನ್ನ ಮನಸ್ಸು ನಿಜಕ್ಕೂ ಭಾರವಾಗಿತ್ತು. ಅವರು ಕೊಟ್ಟ ಸಾಧನದೊಳಗೆ ಅಷ್ಟು ವರ್ಷ ಕೂತಿದ್ದೆನಲ್ಲ.

ವಿಮ್‌ನ ಬೆಲೆ ನನಗೆ ಪೂರ್ತಿ ತಿಳಿದದ್ದು ಬೆಂಗಳೂರಿನಲ್ಲಲ್ಲ, ಬನಹಟ್ಟಿಗೆ ವಾಪಸ್ ಬಂದು ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ. ಬಿಲ್ ಜಾಯ್ ವಿಐ ಬರೆದದ್ದು ಸೆಕೆಂಡಿಗೆ 300 ಬಿಟ್ ಸಾಗಿಸುವ ಮೋಡೆಮ್ ಮೇಲೆ. ಅಂದರೆ ಸೆಕೆಂಡಿಗೆ ಮೂವತ್ತರ ಆಸುಪಾಸು ಅಕ್ಷರ, ಅಷ್ಟೇ. ಪರದೆ ಪೂರ್ತಿ ಮತ್ತೆ ಬರೆಯಲು ಹೊರಟರೆ ನಿಮಿಷ ದಾಟುತ್ತದೆ. ಅದಕ್ಕೆಂದೇ ಅಪ್ಪಣೆಗಳನ್ನು ಒಂದೆರಡು ಅಕ್ಷರಕ್ಕೆ ಇಳಿಸಿದ, ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ ಮತ್ತೆ ಕಳಿಸುವಂತೆ ಮಾಡಿದ. ಮಳೆಗಾಲದ ಸಂಜೆ ಕರೆಂಟ್ ಹೋಗಿ, ಫೋನಿನ ಹಾಟ್‌ಸ್ಪಾಟ್ ಮೇಲೆ ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುವಾಗ ದೂರದ ಸರ್ವರಿನಲ್ಲಿ ಒಂದು ಸಾಲು ತಿದ್ದಬೇಕಾಗಿ ಬಂದರೆ, ಅರ್ಧ ಶತಮಾನದ ಹಿಂದಿನ ಆ ಮಿತವ್ಯಯ ನಮ್ಮ ಕೈಹಿಡಿಯುತ್ತದೆ. ಸಂಪರ್ಕ ಕಡಿದುಹೋದರೂ ಬರೆದದ್ದರ ಒಂದು ಪ್ರತಿಯನ್ನು ವಿಮ್ ಪಕ್ಕದ ಫೈಲಿನಲ್ಲಿ ಕಾದಿಟ್ಟಿರುತ್ತದೆ, ಮತ್ತೆ ಬಂದಾಗ ‘ಇಲ್ಲಿದೆ, ತಗೋ’ ಅನ್ನುತ್ತದೆ. ದೊಡ್ಡ ಎಡಿಟರ್‌ಗಳು ದೂರದ ಸರ್ವರಿಗೆ ಮೊದಲು ತಮ್ಮದೇ ಒಂದು ಭಾಗವನ್ನು ಇಳಿಸಿಕೊಂಡು ಆಮೇಲೆ ಕೆಲಸ ಶುರುಮಾಡುತ್ತವೆ. ಒಳ್ಳೆಯ ಇಂಟರ್‌ನೆಟ್ ಇರುವ ಊರಿನಲ್ಲಿ ಕೂತು ಹೋಲಿಸಿದವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಈಮ್ಯಾಕ್ಸ್ ಜೊತೆಗೂ ಕೆಲವು ವರ್ಷ ಕಳೆದೆ. 1976ರಲ್ಲೇ ಎಂಐಟಿಯಲ್ಲಿ ಇದರ ಮೊದಲ ರೂಪಕ್ಕೆ ಕೈಹಾಕಿದವರು ರಿಚರ್ಡ್ ಸ್ಟಾಲ್‌ಮನ್. ಇವತ್ತು ನಾವು ಬಳಸುವ ಗ್ನೂ ಈಮ್ಯಾಕ್ಸ್ 1985ರಿಂದ ಇದೆ. ಎಡಿಟರ್ ಓಡುತ್ತಿರುವಾಗಲೇ ಅದರ ನಡವಳಿಕೆಯನ್ನು ಲಿಸ್ಪ್ ಭಾಷೆಯಲ್ಲಿ ಬರೆದು ಬದಲಿಸಬಹುದು. ಬಳಸುವವನೇ ತನ್ನ ಸಾಧನವನ್ನು ಮಾಡಿಕೊಳ್ಳುವ ಈ ಸ್ವಾತಂತ್ರ್ಯ ಬೇರೆ ಯಾವ ಎಡಿಟರಿನಲ್ಲೂ ಇಷ್ಟು ಆಳಕ್ಕೆ ಇಳಿದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಟ್ರೋಲ್ ಕೀಲಿ ಒತ್ತಿ ಒತ್ತಿ ಕಿರುಬೆರಳು ನೋಯುವುದೂ ಅಷ್ಟೇ ನಿಜ. ಇದರೊಳಗೆ ‘ಹಲೋ’ ಎಂಬ ಒಂದು ಪುಟ್ಟ ಫೈಲ್ ಇದೆ. ಲೋಕದ ಹತ್ತಾರು ಭಾಷೆಗಳಲ್ಲಿ ನಮಸ್ಕಾರ ಹೇಳುವ ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಸಬ್ಲೈಮ್ ಬಂದದ್ದು 2008ರಲ್ಲಿ, ಹಲವು ಕರ್ಸರ್ ಇಟ್ಟು ಒಂದೇ ಸಲ ಹತ್ತು ಕಡೆ ತಿದ್ದುವ ರುಚಿ ಹತ್ತಿಸಿತು. ಆ್ಯಟಮ್ ಅನ್ನು ಗಿಟ್‌ಹಬ್ 2014ರಲ್ಲಿ ಬಿಡುಗಡೆ ಮಾಡಿ 2022ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅದನ್ನು ಕಟ್ಟಲು ಹುಟ್ಟಿದ ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆಯೇ ಮೈಕ್ರೋಸಾಫ್ಟ್ 2015ರಲ್ಲಿ ವಿಎಸ್ ಕೋಡ್ ಎಬ್ಬಿಸಿತು, ಇವತ್ತು ಎಲ್ಲಿ ನೋಡಿದರೂ ಅದೇ.

ಎಡಿಟರ್ ಜಗಳದ ಬಿಸಿಯನ್ನು ತುಸು ಆರಿಸಿದ್ದು 2016ರ ಒಂದು ಒಪ್ಪಂದ. ಮೊದಲು ಪ್ರತಿ ಎಡಿಟರ್ ಪ್ರತಿ ಭಾಷೆಯ ವ್ಯಾಕರಣವನ್ನು ತಾನೇ ಕಲಿಯಬೇಕಿತ್ತು. ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್ ಎಂಬ ಸಾಮಾನ್ಯ ಪದ್ಧತಿಯನ್ನು ಮುಂದಿಟ್ಟವು. ಭಾಷೆ ತಿಳಿದ ಭಾಗ ಬೇರೆ, ಬರೆಯುವ ಭಾಗ ಬೇರೆ. ಎರಡೂ ಒಂದೇ ರೀತಿಯಲ್ಲಿ ಮಾತಾಡಿಕೊಳ್ಳುತ್ತವೆ. ವಿಮ್‌ನಲ್ಲಿ ಕೂತರೂ ವಿಎಸ್ ಕೋಡ್‌ನಲ್ಲಿ ಕೂತರೂ ತಪ್ಪು ತೋರಿಸುವ ಬುದ್ಧಿ ಒಂದೇ. ಎಡಿಟರ್ ಬದಲಿಸುವ ಭಯ ಅರ್ಧಕ್ಕರ್ಧ ಇಳಿದದ್ದು ಇದರಿಂದ.

ಇಷ್ಟೆಲ್ಲ ಎಡಿಟರ್‌ಗಳಲ್ಲಿ ಬಲಗಡೆ ಒಂದು ತೆಳು ಗೆರೆ ಕಾಣುತ್ತದೆ ಅಥವಾ ಕಾಣಿಸುವಂತೆ ಮಾಡಿಕೊಳ್ಳಬಹುದು. 80ನೇ ಅಕ್ಷರದ ಗೆರೆ ಅದು. ಸಾಲು ಅದನ್ನು ದಾಟಬಾರದೆಂಬ ರೂಢಿ ಇವತ್ತಿಗೂ ಇದೆ. ಪೈಥಾನ್ ಬರವಣಿಗೆಯ ಕೈಪಿಡಿ 79 ಎನ್ನುತ್ತದೆ. ಬನಹಟ್ಟಿಯ ನೇಕಾರರ ಮನೆಗಳಲ್ಲಿ ಬೆಳೆದವರಿಗೆ ಈ ಸಂಖ್ಯೆಯ ಹಿಂದಿನ ದಾರಿ ಹೇಳಲೇಬೇಕು. ಐಬಿಎಂ ಕಂಪನಿ 1928ರಲ್ಲಿ ಒಂದು ಕಾರ್ಡಿನಲ್ಲಿ 80 ಕಂಬಸಾಲು ತೂತು ಹಾಕುವ ಪದ್ಧತಿ ತಂದಿತು. ಪ್ರೋಗ್ರಾಮನ್ನೂ ಆ ಕಾರ್ಡಿನ ಮೇಲೆಯೇ, ಕಾರ್ಡಿಗೊಂದು ಸಾಲಿನಂತೆ ತೂತು ಕೊರೆದು ಬರೆಯುತ್ತಿದ್ದರು. ಕಾರ್ಡು ಹೋಗಿ ಪರದೆ ಬಂದಾಗ ಅಗಲ ಹಾಗೇ ಉಳಿಯಿತು: 1978ರ ವಿಟಿ100 ಟರ್ಮಿನಲ್‌ನಲ್ಲಿ 80 ಅಕ್ಷರ, 24 ಸಾಲು. ಐಬಿಎಂಗಿಂತ ಮೊದಲು 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲೆರಿತ್ ಎಣಿಸಿದ್ದು ತೂತಿನ ಕಾರ್ಡಿನಿಂದ. ಅದಕ್ಕೂ ಮೊದಲು ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ತೂತಿನ ಕಾರ್ಡುಗಳನ್ನು ಸರವಾಗಿ ಪೋಣಿಸಿ ಮಗ್ಗದ ನೆತ್ತಿಗೆ ಕೂರಿಸಿದ್ದ. ತೂತಿದ್ದ ಕಡೆ ಎಳೆ ಎದ್ದೇಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ನಮ್ಮ ಓಣಿಯಲ್ಲಿ ಸೀರೆಯ ಅಂಚು, ಸೆರಗಿನ ಹೂವು ಮೂಡಿಸುವ ಜಕಾರ್ಡ್ ಅದೇ. ಕಾರ್ಡು ಬದಲಿಸಿದರೆ ವಿನ್ಯಾಸ ಬದಲಾಗುತ್ತದೆ, ಮಗ್ಗ ಅದೇ ಇರುತ್ತದೆ. ಕಾರ್ಡಿನ ಸರವನ್ನು ಬಿಚ್ಚಿ ಪಕ್ಕದ ಅದೇ ಅಳತೆಯ ಮಗ್ಗಕ್ಕೆ ಹಾಕಿದರೆ ಅಲ್ಲೂ ಅದೇ ಹೂವು ಮೂಡುತ್ತದೆ.

ಈ ಕೊನೆಯ ಮಾತಿಗಾಗಿ ನಾನು ಇಷ್ಟು ದೂರ ಬಂದೆ. ನನ್ನ ಎಡಿಟರ್ ಪಯಣದಲ್ಲಿ ಕೀಲಿಗಳ ರೂಢಿ ಪ್ರತಿ ಸಲ ಹೋಯಿತು, ಬಣ್ಣದ ಥೀಮುಗಳು ಹೋದವು, ವರ್ಷಗಟ್ಟಲೆ ತಿದ್ದಿ ಕೂಡಿಟ್ಟ ಸೆಟ್ಟಿಂಗ್‌ಗಳೂ ಹೋದವು. ಪಠ್ಯ ಮಾತ್ರ ಒಂದಕ್ಷರ ಹೋಗಲಿಲ್ಲ. ಟರ್ಬೊ ಸಿಯಲ್ಲಿ ಬರೆದ ಲ್ಯಾಬ್ ಪ್ರೋಗ್ರಾಮನ್ನು ಇವತ್ತು ವಿಎಸ್ ಕೋಡ್‌ನಲ್ಲಿ ತೆರೆದರೂ ಅದು ಅಚ್ಚುಕಟ್ಟಾಗಿ ತೆರೆಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಆಸ್ಕಿ ಎಂಬ ಒಂದೇ ಅಂಕಿಪಟ್ಟಿ 1960ರ ದಶಕದಿಂದ ನಿಂತಿರುವುದು ಅದಕ್ಕೆ ಕಾರಣ. ‘ಎ’ಗೆ 65 ಎಂದರೆ ಎಲ್ಲ ಎಡಿಟರಿನಲ್ಲೂ 65. ಪ್ರೋಗ್ರಾಮರ್‌ಗಳು ಎಡಿಟರ್ ಬಗ್ಗೆ ಎಷ್ಟಾದರೂ ಜಗಳವಾಡಬಹುದು, ಯಾಕೆಂದರೆ ಸೋತವರ ಕೈಯಿಂದ ಏನೂ ಹೋಗುವುದಿಲ್ಲ.

ಎಡಿಟರ್ ಬದಲಾದಾಗ ನಿಜವಾಗಿ ಕಳೆದುಕೊಂಡವರು ನಮ್ಮ ಊರುಗಳ ಡಿಟಿಪಿ ಅಂಗಡಿಯವರು. ಜಮಖಂಡಿ ಬಜಾರಿನಲ್ಲಿ, ಮುಧೋಳದ ಕಚೇರಿಗಳ ಸುತ್ತ, ಬೀಳಗಿ ಬಸ್ ನಿಲ್ದಾಣದ ಆಚೀಚೆ ಇರುವ ಈ ಪುಟ್ಟ ಅಂಗಡಿಗಳಲ್ಲಿ ಮದುವೆಯ ಕಾರ್ಡಿನಿಂದ ಹಿಡಿದು ನೇಕಾರರ ಸಹಕಾರಿ ಸಂಘದ ವಾರ್ಷಿಕ ವರದಿ, ಕಬ್ಬು ಬೆಳೆಗಾರರ ಮನವಿ, ಜಾತ್ರೆಯ ಕರಪತ್ರ, ಶಾಲೆಯ ಸ್ಮರಣ ಸಂಚಿಕೆವರೆಗೆ ಈ ಸೀಮೆಯ ಬದುಕೆಲ್ಲ ಟೈಪಾಗಿದೆ. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಬಿಟ್ಟ ಕುಟುಂಬಗಳ ಅರ್ಜಿಗಳು ಟೈಪಾದದ್ದೂ ಇಂಥ ಅಂಗಡಿಗಳಲ್ಲೇ. ಶೇಷಾದ್ರಿವಾಸು 1998ರಲ್ಲಿ ‘ಬರಹ’ ಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು, ಮುದ್ರಣದವರ ಬಳಿ ‘ಶ್ರೀಲಿಪಿ’ ಇತ್ತು. ಅವು ಬಾರದೆ ಹೋಗಿದ್ದರೆ ನಮ್ಮ ಊರುಗಳ ಅಂಗಡಿಗಳಿಗೆ ಕನ್ನಡ ಆ ಕಾಲಕ್ಕೆ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಇವರೆಲ್ಲರ ಋಣ ನಮ್ಮ ಮೇಲಿದೆ.

ಆ ಕಾಲದ ಯಂತ್ರಗಳಿಗೆ ಕನ್ನಡದ ಅಕ್ಷರ ಕಟ್ಟುವುದು ತಿಳಿದಿರಲಿಲ್ಲವಾದ್ದರಿಂದ ಅವರು ಬೇರೆ ಉಪಾಯ ಹೂಡಬೇಕಾಯಿತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ದ ಮೊದಲ ತುಂಡು ಇರುವುದು ಇಂಗ್ಲಿಷಿನ ‘ಪಿ’ ಇರಬೇಕಾದ ಕಡೆ, ತಲೆಕಟ್ಟು ಇನ್ನೊಂದು ಕಡೆ. ಎರಡೂ ಸೇರಿ ಪರದೆಯ ಮೇಲೆ ‘ಕ’ ಕಾಣುತ್ತದೆ. ಕಂಪ್ಯೂಟರಿನ ಪಾಲಿಗೆ ಅದು ‘ಪಿ’ ಮತ್ತೊಂದು ವಿಚಿತ್ರ ಗುರುತು, ಅಷ್ಟೇ. ಫಾಂಟ್ ಇರುವವರೆಗೆ ಕನ್ನಡ. ಫಾಂಟ್ ತೆಗೆದರೆ ಕಸ. ಒಂದು ತಂತ್ರಾಂಶದ ತುಂಡುಗಳ ಜೋಡಣೆ ಇನ್ನೊಂದಕ್ಕೆ ಹೊಂದುವ ಖಾತ್ರಿಯೂ ಇರಲಿಲ್ಲ. ಎಲ್ಲ ಲಿಪಿಗಳಿಗೂ ಸಾಮಾನ್ಯ ಅಂಕಿಪಟ್ಟಿಯಾದ ಯುನಿಕೋಡ್ ಕನ್ನಡಕ್ಕೆ ಪ್ರತ್ಯೇಕ ಜಾಗವನ್ನು 1991ರಲ್ಲೇ ಕೊಟ್ಟಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟೂ ಬಂತು. ಆದರೆ ಪುಟ ಕಟ್ಟುವ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯುತ್ತಿರಲಿಲ್ಲ. ಹೀಗಾಗಿ ನುಡಿ, ಬರಹ ಎರಡೂ ಯುನಿಕೋಡಿಗೆ ತೆರೆದುಕೊಂಡ ಮೇಲೂ ಅಂಗಡಿಯವರು ಹಳೆಯ ಫಾಂಟಿನಲ್ಲೇ ಉಳಿದರು. ಅವರ ಕೈಯಲ್ಲಿ ಬೇರೆ ದಾರಿಯೇನೂ ಇರಲಿಲ್ಲ.

ಜಮಖಂಡಿಯ ಅಂಥ ಒಂದು ಅಂಗಡಿಯ ಹಿರಿಯರು ನನ್ನನ್ನು ಕರೆಸಿ ಹಳೆಯ ಕಂಪ್ಯೂಟರಿನ ಒಂದು ಫೋಲ್ಡರ್ ತೋರಿಸಿದರು. ‘ನೋಡ್ ತಮ್ಮಾ, ಇಷ್ಟೂ ನಾನಾ ಕೈಯಾರ ಟೈಪ್ ಮಾಡಿದ್ದು. ಹೊಸಾ ಮಷಿನ್‌ದಾಗ ತೆರದ್ರ ಒಂದ್ ಅಕ್ಷರಾನೂ ಓದಾಕ ಬರವಲ್ದು.’

‘ಹಳೇ ಫಾಂಟ್ ಎಲ್ಲೆರ ಐತೇನ್ರಿ ಕಾಕಾ?’

‘ಫಾಂಟ್ ಐತಿ. ಹಾಕಿದ್ರ ಕಾಣತೈತಿ. ಆದ್ರ ಹುಡುಕಾಕ ಆಗೂದಿಲ್ಲ, ಮಂದಿ ಫೋನಿಗೆ ಕಳಿಸಾಕೂ ಆಗೂದಿಲ್ಲ. ಕಂಡೂ ಇಲ್ಲದಂಗ ಆಗೈತಿ.’

ಆ ಫೈಲ್‌ಗಳನ್ನು ಯುನಿಕೋಡಿಗೆ ತರುವ ಕೆಲಸವನ್ನು ಬಿಡುವಿದ್ದಾಗಲೆಲ್ಲ ಮಾಡುತ್ತಿದ್ದೇನೆ. ಇದಕ್ಕೆ ಬೇಕಾದ ಪರಿವರ್ತಕಗಳನ್ನು ಕನ್ನಡದ ಪ್ರೋಗ್ರಾಮರ್‌ಗಳು ಈಗಾಗಲೇ ಬರೆದು ಎಲ್ಲರಿಗೂ ಮುಕ್ತವಾಗಿ ಇಟ್ಟಿದ್ದಾರೆ, ನಾನು ಅವುಗಳ ಮೇಲೆ ಕಟ್ಟುತ್ತೇನೆ. ತುಂಡಿಗೆ ತುಂಡು ಬದಲಿಸುತ್ತ ಹೋದರೆ ಮುಗಿಯಿತು ಅನ್ನುವ ಹಾಗಿಲ್ಲ. ‘ಕರ್ನಾಟಕ’ ಬರೆಯುವಾಗ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ‘ನಾ’ ಆದಮೇಲೆ ಕೂತಿರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ, ಅದಕ್ಕೆ ವಿರಾಮ, ಆಮೇಲೆ ನಾ. ಹಾಗಾಗಿ ಪರಿವರ್ತಕ ಅರ್ಕಾವತ್ತು ಕಂಡಲ್ಲಿ ಹಿಂದಕ್ಕೆ ಹೋಗಿ, ಇಡೀ ಅಕ್ಷರ ಎಲ್ಲಿಂದ ಶುರುವಾಗಿತ್ತೆಂದು ಗುರುತಿಸಿ, ರಕಾರವನ್ನು ಅಲ್ಲಿ ಕೂರಿಸಬೇಕು. ಒತ್ತಕ್ಷರ, ಅದರ ಮೇಲೊಂದು ದೀರ್ಘ, ಕೊನೆಗೆ ಅರ್ಕಾವತ್ತು ಬಂದರೆ ಇನ್ನೂ ಜಾಗರೂಕತೆ ಬೇಕು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸಹಕಾರಿ ಸಂಘದ ವರದಿಯಲ್ಲಿ ಕನ್ನಡದ ನಡುವೆ ಬ್ಯಾಂಕಿನ ಹೆಸರೋ ಯಂತ್ರದ ಹೆಸರೋ ಇಂಗ್ಲಿಷಿನಲ್ಲಿರುತ್ತದೆ. ಫಾಂಟಿನ ಮಾಹಿತಿ ಕಳಚಿ ಬರಿ ಪಠ್ಯ ತೆಗೆದರೆ ಇಂಗ್ಲಿಷಿನ ‘ಪಿ’ ಯಾವುದು, ‘ಕ’ದ ತುಂಡಾದ ‘ಪಿ’ ಯಾವುದು ಎಂದು ಹೇಳಲು ದಾರಿಯೇ ಇರುವುದಿಲ್ಲ. ಅದಕ್ಕೆ ಫಾಂಟಿನ ಹೆಸರೂ ಉಳಿಯುವ ರೂಪದಲ್ಲಿ ಫೈಲ್ ಹೊರತೆಗೆದು, ಕನ್ನಡ ಫಾಂಟಿದ್ದ ತುಣುಕನ್ನಷ್ಟೇ ಬದಲಿಸುತ್ತೇನೆ.

ಈ ಕೆಲಸ ಕೈಗೆತ್ತಿಕೊಂಡ ಮೇಲೆ ಎಡಿಟರ್‌ಗಳನ್ನು ನಾನು ನೋಡುವ ರೀತಿಯೇ ಬೇರೆಯಾಯಿತು. ‘ಬನಹಟ್ಟಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ ಅದು ಏಳು ಸಂಕೇತ: ಬ, ನ, ಹ, ಟ, ವಿರಾಮ, ಮತ್ತೆ ಟ, ಕೊನೆಗೆ ಗುಡಿಸು. ಡಿಸ್ಕಿನ ಮೇಲೆ ಯುಟಿಎಫ್-8 ರೂಪದಲ್ಲಿ ಇಳಿದಾಗ 21 ಬೈಟ್. ಈ ಯುಟಿಎಫ್-8 ಅನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದ ಕೆನ್ ಥಾಂಪ್ಸನ್, ಯುನಿಕ್ಸ್‌ನ ಮೊದಲ ಎಡಿಟರ್ ಆದ ‘ಇಡಿ’ಯನ್ನು 1969ರಲ್ಲಿ ಬರೆದವರು, ವಿಐ ಹುಟ್ಟಿದ್ದು ಅದರ ವಂಶದಲ್ಲೇ. ನಾಲ್ಕು, ಏಳು, ಇಪ್ಪತ್ತೊಂದು: ಕರ್ಸರ್ ಒಂದು ಹೆಜ್ಜೆ ಮುಂದಿಡು ಎಂದರೆ ಇವುಗಳಲ್ಲಿ ಯಾವ ಲೆಕ್ಕದ ಹೆಜ್ಜೆ? ಒಂದೊಂದು ಎಡಿಟರ್ ಒಂದೊಂದು ಉತ್ತರ ಕೊಡುತ್ತದೆ. ಟರ್ಮಿನಲ್‌ನಲ್ಲಿ ಓಡುವ ವಿಮ್ ಇಲ್ಲಿ ತತ್ತರಿಸುತ್ತದೆ. ಟರ್ಮಿನಲ್ ಎಂದರೆ ಒಂದೇ ಅಳತೆಯ ಮನೆಗಳ ಚೌಕ. ಒಂದು ಮನೆಗೆ ಒಂದು ಅಕ್ಷರ ಎಂಬ ಲೆಕ್ಕಕ್ಕೆ ಕೆಳಗೆ ಒತ್ತು, ಬಲಕ್ಕೆ ದೀರ್ಘ ಚಾಚುವ ಕನ್ನಡ ಒಗ್ಗುವುದಿಲ್ಲ. ತೂತಿನ ಕಾರ್ಡಿನಿಂದ ಬಂದ ಆ 80 ಮನೆಗಳ ಸಾಲು ನಮ್ಮ ಲಿಪಿಯನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದಲ್ಲ.

ಈಮ್ಯಾಕ್ಸ್‌ನ ಮೇಲೆ ನನಗೆ ಮತ್ತೆ ಪ್ರೀತಿ ಬಂದದ್ದು ಈ ಕಾರಣಕ್ಕೆ. 2020ರ 27ನೇ ಆವೃತ್ತಿಯಿಂದ ಅದು ಅಕ್ಷರ ಕಟ್ಟಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತದೆ, ಕನ್ನಡ ಕಣ್ಣಿಗೆ ಹಿತವಾಗಿ ಮೂಡುತ್ತದೆ. ಕನ್ನಡ ಟೈಪಿಸುವ ವಿಧಾನವೂ ಅದರೊಳಗೇ ಇದೆ. ಅದು ಪಠ್ಯಕ್ಕೆ ಮಾತ್ರ ತಾಗುತ್ತದೆ, ಅಪ್ಪಣೆಯ ಕೀಲಿಗಳಿಗೆ ತಾಗುವುದಿಲ್ಲ. ವಿಮ್‌ನಲ್ಲಿ ಯಂತ್ರದ ಕನ್ನಡ ಕೀಲಿಮಣೆಯನ್ನೇ ಹಾಕಿಕೊಂಡು ಬರೆದು ಎಸ್ಕೇಪ್ ಒತ್ತಿ, ಸಾಲು ಅಳಿಸಲು ಡಿ ಒತ್ತಿದರೆ ಅದಕ್ಕೆ ತಲುಪುವುದು ಡಿ ಅಲ್ಲ, ಯಾವುದೋ ಕನ್ನಡದ ಅಕ್ಷರ; ಸುಮ್ಮನೆ ಕೂರುತ್ತದೆ. ಆದರೆ ವಿಮ್‌ಗೆ ಒಂದು ಗುಣವಿದೆ, ಕಾಣದ್ದನ್ನು ಕಾಣಿಸುವ ಗುಣ. ‘ರ‍್ಯಾಂಕ್’ ಎಂದು ಬರೆಯಲು ನಡುವೆ ಜೋಡಿಸುವ, ಕಣ್ಣಿಗೆ ಬೀಳದ ಒಂದು ಸಂಕೇತ ಇರಬೇಕು. ಬೇರೆ ಹಲವು ಎಡಿಟರ್‌ಗಳು ಅದನ್ನು ಮುಚ್ಚಿಡುತ್ತವೆ, ವಿಮ್ ಅದರ ಸಂಖ್ಯೆಯನ್ನೇ ಬರೆದು ತೋರಿಸುತ್ತದೆ. ಪರಿವರ್ತಿತ ಫೈಲಿನಲ್ಲಿ ಬೇಡದ ಕಡೆ ಇಂಥವು ಸೇರಿಕೊಂಡಿವೆಯೇ ಎಂದು ಪರೀಕ್ಷಿಸಲು ನಾನು ತೆರೆಯುವುದು ವಿಮ್ ಅನ್ನೇ.

ಬನಹಟ್ಟಿಯಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಮನೆಗೆ ಬರುವ ಓಣಿಯ ಮಕ್ಕಳಿಗೆ ಮಾತ್ರ ವಿಎಸ್ ಕೋಡ್ ಹಾಕಿಕೊಡುತ್ತೇನೆ. ಮೊದಲ ದಿನವೇ ಎಸ್ಕೇಪ್ ಕೀಲಿಯ ಜೊತೆ ಗುದ್ದಾಡುವುದು ಬೇಡ. ಅದು ಬ್ರೌಸರ್‌ನ ಬೆನ್ನಮೇಲೆ ನಿಂತಿರುವುದರಿಂದ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. 2008ರ ಪೈಥಾನ್ 3ರಿಂದ ಚರಾಂಕದ ಹೆಸರನ್ನು ಕನ್ನಡದಲ್ಲೇ ಇಡಬಹುದು. ‘ಬೆಲೆ’, ‘ಸೀರೆ’, ‘ಕೂಲಿ’ ಎಂದು ಹೆಸರಿಟ್ಟು ಮಕ್ಕಳು ನೇಯ್ಗೆಯ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಾರೆ. ‘೧೦’ ಎಂದು ಕನ್ನಡ ಅಂಕಿಯಲ್ಲಿ ಉತ್ತರ ಕೊಟ್ಟರೂ ಪೈಥಾನ್ ಅದನ್ನು ಹತ್ತು ಎಂದೇ ಓದಿಕೊಳ್ಳುತ್ತದೆ. ಇದನ್ನು ಮೊದಲ ಸಲ ಕಂಡಾಗ ಮಕ್ಕಳ ಮುಖ ಅರಳುತ್ತದೆ. ವಿಎಸ್ ಕೋಡ್ ಕೈಗೆ ಹತ್ತಿದ ಮೇಲೆ ಅದರೊಳಗೇ ವಿಮ್ ಕೀಲಿಗಳನ್ನು ಹಾಕಿಕೊಟ್ಟು, ಬೇಕಾದವರು ಕಲಿಯಲಿ ಎಂದು ಬಿಡುತ್ತೇನೆ. ಕೆಲವರಿಗೆ ಹಿಡಿಸುತ್ತದೆ. ಎಲ್ಲರಿಗೂ ಒಂದೇ ಒತ್ತಾಯ: ಫೈಲ್ ಯುಟಿಎಫ್-8ರಲ್ಲೇ ಉಳಿಯಬೇಕು.

ಅಂಗಡಿಯ ಫೋಲ್ಡರಿನಲ್ಲಿ ಸಹಕಾರಿ ಸಂಘದ ವರದಿಗಳ ಭಾಗ ಈಗ ಯುನಿಕೋಡಿಗೆ ಬಂದಿದೆ. ‘ಬನಹಟ್ಟಿ’ ಎಂದು ಹುಡುಕಿದರೆ ಎಲ್ಲ ವರ್ಷಗಳದ್ದೂ ಒಟ್ಟಿಗೆ ಸಿಗುತ್ತದೆ, ಹಿರಿಯರು ಅದನ್ನು ತಮ್ಮ ಫೋನಿನಲ್ಲೇ ಓದುತ್ತಾರೆ. ‘ಮುಧೋಳ’ ಎಂದು ಹುಡುಕಿದಾಗ ಕೆಲವು ಪುಟ ಬಿಟ್ಟುಹೋದವು. ‘ಧೋ’ದಲ್ಲಿರುವ ದೀರ್ಘ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ಇಳಿ, ದೀರ್ಘದ ಗುರುತು ಎಂದು ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕುವ ಎಡಿಟರಿಗೆ ಬೇರೆ ಬೇರೆ. ‘ಬೀಳಗಿ’ಯ ‘ಬೀ’ಗೂ ಇದೇ ತೊಂದರೆ. ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡಿನಲ್ಲಿದೆ, ಅದನ್ನು ಪರಿವರ್ತಕದ ಕೊನೆಯ ಹಂತಕ್ಕೆ ಸೇರಿಸಿದ್ದೇನೆ. ಮದುವೆ ಕಾರ್ಡುಗಳ ಫೋಲ್ಡರ್ ಇನ್ನೂ ಬಾಕಿ ಇದೆ. ಅವುಗಳಲ್ಲಿ ಒಂದೊಂದು ಕಾರ್ಡಿಗೂ ಮೂರು ನಾಲ್ಕು ಬಗೆಯ ಅಲಂಕಾರದ ಫಾಂಟ್ ಬಳಸಿದ್ದಾರೆ. ಯಾವ ಫಾಂಟಿನಲ್ಲಿ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯನ್ನು ಹಿರಿಯರು ಹಾಳೆಯ ಮೇಲೆ ಬರೆದುಕೊಡುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ.